ಬೀಗರ ಮನೆಯ ಎಳನೀರು

ರೋಗಗಳಲ್ಲೂ ಮರ್ಯಾದೆ ಇರುವವು, ಇಲ್ಲದವು ಎಂದು ಎರಡು ಬಗೆ ಇವೆ ಎನ್ನುವುದು ನನ್ನ ಅನುಭವ. ಬಿ.ಪಿ., ಶುಗರ್ ಇವೆಲ್ಲ ಮರ್ಯಾದಸ್ಥ ರೋಗಗಳು. ಮದುವೆ ಊಟದಲ್ಲಿ ಪಾಯಸ ಬಂದಾಗ ಎಲೆಗೆ ಕೈ ಅಡ್ಡ ಹಿಡಿದು "ಬೇಡಪ್ಪಾ, ಶುಗರ್ರು" ಎಂದು ಹೇಳಿ ನೋಡಿ, ಪಕ್ಕದವನು "ನನಗೂ ಇದೆ ಸ್ವಾಮಿ" ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಅಲ್ಲೇ ಒಂದು ಸ್ನೇಹ ಹುಟ್ಟುತ್ತದೆ, ಆ ಸ್ನೇಹದ ಖುಷಿಯಲ್ಲಿ ಇಬ್ಬರೂ ಒಂದೊಂದು ಸೌಟು ಪಾಯಸ ಹಾಕಿಸಿಕೊಳ್ಳುತ್ತಾರೆ. ಕಿಡ್ನಿಗೆ ಆ ಭಾಗ್ಯವಿಲ್ಲ. "ಕಿಡ್ನಿ ಹೋಗಿದೆ" ಎಂದರೆ ಎದುರಿಗಿದ್ದವರು ಮೊದಲು ನಮ್ಮ ಮುಖ ನೋಡುತ್ತಾರೆ, ಆಮೇಲೆ ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ, "ಕುಡೀತಿದ್ರಾ?" ಎಂದು ಕೇಳುತ್ತಾರೆ. ನಾನು ಜನ್ಮದಲ್ಲಿ ಕಾಫಿಗಿಂತ ಗಟ್ಟಿಯಾದದ್ದನ್ನು ಕುಡಿದವನಲ್ಲ. ನನಗೂ ಮೊದಲು ಇದ್ದದ್ದು ಬಿ.ಪಿ.ಯೇ. ಅದನ್ನು ಎಲ್ಲರಿಗೂ ಹೇಳಿಕೊಂಡು ತಿರುಗುವ ಸಂಭ್ರಮದಲ್ಲಿ ಮಾತ್ರೆ ನುಂಗುವುದನ್ನು ಮರೆತಿದ್ದೆ, ಅಷ್ಟೆ.

ನಾನು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಜವಳಿ ಅಂಗಡಿ ಇಟ್ಟುಕೊಂಡಿದ್ದವನು. ಕಿಡ್ನಿ ಕೈಕೊಟ್ಟ ಮೇಲೆ ಅಂಗಡಿಯನ್ನು ತಮ್ಮನಿಗೆ ವಹಿಸಿ ವಿನೋಬನಗರದ ಮನೆಯಲ್ಲಿ ಕೂತೆ. ಜವಳಿ ವ್ಯಾಪಾರ ಮನುಷ್ಯನ ನಾಲಿಗೆಗೆ ಒಂದು ದುರಭ್ಯಾಸ ಕಲಿಸುತ್ತದೆ. ಗಿರಾಕಿ ಏನು ಕೇಳಿದರೂ "ಇಲ್ಲ" ಎನ್ನಬಾರದು. ನೇರಳೆ ಬಣ್ಣದ್ದು ಕೇಳಿದರೆ ನೀಲಿಯದನ್ನು ಬಿಚ್ಚಿ "ಬಿಸಿಲಲ್ಲಿ ನೋಡಿ, ನೇರಳೆಯೇ" ಎನ್ನಬೇಕು. ಹೀಗೆ ಇಡೀ ಆಯುಷ್ಯ "ಇಲ್ಲ", "ಆಗಲ್ಲ", "ಬೇಡ" ಎನ್ನದೆ ಬದುಕಿದವನನ್ನು ಡಾಕ್ಟರು ಒಂದು ದಿನ ಎದುರಿಗೆ ಕೂರಿಸಿಕೊಂಡು, ಇನ್ನು ಮೇಲೆ ನೀವು ಬಾಯಿಬಿಟ್ಟರೆ ಆ ಮೂರು ಮಾತು ಬಿಟ್ಟು ಬೇರೆ ಬರಬಾರದು ಎಂದುಬಿಟ್ಟರು. ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಡಯಾಲಿಸಿಸ್. ಆಗಿನ್ನೂ ನಮ್ಮೂರಿಗೆ ಆ ಯಂತ್ರ ಹೊಸದು. ಅದು ನನ್ನ ರಕ್ತವನ್ನು ಒಂದು ಕಡೆಯಿಂದ ಎಳೆದುಕೊಂಡು, ತೊಳೆದು, ಇನ್ನೊಂದು ಕಡೆಯಿಂದ ವಾಪಸು ಕೊಡುತ್ತಿತ್ತು. ಅದು ಎರಡು ದಿನ ಮಾಡುವ ಕೆಲಸವನ್ನು ನಾನು ಉಳಿದ ಐದು ದಿನದಲ್ಲಿ ಕೆಡಿಸದೆ ಇದ್ದರೆ ಸಾಕು ಎನ್ನುವುದು ಡಾಕ್ಟರ ಕೋರಿಕೆ.

ಕೆಡಿಸದೆ ಇರುವುದು ಹೇಗೆಂದರೆ, ಲೋಕ ಯಾವುದನ್ನೆಲ್ಲ ಒಳ್ಳೆಯದು ಅನ್ನುತ್ತದೋ ಅದನ್ನೆಲ್ಲ ಬಿಡಬೇಕು. ಬಾಳೆಹಣ್ಣು, ಕಿತ್ತಳೆ, ಟೊಮೆಟೊ, ಆಲೂಗಡ್ಡೆ, ಸೊಪ್ಪಿನ ಸಾರು, ಒಣದ್ರಾಕ್ಷಿ, ಇವುಗಳಲ್ಲೆಲ್ಲ ಪೊಟ್ಯಾಷಿಯಂ ಎನ್ನುವ ಉಪ್ಪು ಇದೆಯಂತೆ. ಕಿಡ್ನಿ ಸರಿಯಿದ್ದವರಲ್ಲಿ ಅದು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ನನ್ನಂಥವರಲ್ಲಿ ಒಳಗೇ ಕೂತು ಹೃದಯದ ಬಾಗಿಲು ತಟ್ಟುತ್ತದೆ. ಹಾಲು, ಬೇಳೆಯಲ್ಲಿ ರಂಜಕ ಎನ್ನುವ ಇನ್ನೊಂದು ಶತ್ರು ಇದೆ, ಅದು ಮೂಳೆ ತಿನ್ನುತ್ತದಂತೆ. ಎಲ್ಲಕ್ಕಿಂತ ದೊಡ್ಡ ಶತ್ರು ಎಳನೀರು. ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ನೋಡಲು ಬರುವವರು ತರುವುದೇ ಎಳನೀರು, ಬಾಳೆಹಣ್ಣು. ನನ್ನನ್ನು ನೋಡಲು ಬಂದ ಪ್ರತಿಯೊಬ್ಬರೂ ಪ್ರೀತಿಯಿಂದ, ಎರಡೂ ಕೈಯಲ್ಲಿ, ವಿಷ ತಂದುಕೊಡುತ್ತಿದ್ದರು. ನನ್ನ ಹೆಂಡತಿ ಗಿರಿಜೆ ಅದನ್ನು ನಗುನಗುತ್ತ ತೆಗೆದುಕೊಂಡು, ಅವರು ಗೇಟು ದಾಟುವ ಮೊದಲೇ ಪಕ್ಕದ ಮನೆಗೆ ಸಾಗಿಸುತ್ತಿದ್ದಳು.

ಗಿರಿಜೆ ತರಕಾರಿಯನ್ನು ಸಣ್ಣಗೆ ಹೆಚ್ಚಿ, ಬಹಳ ಹೊತ್ತು ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಲ್ಲಿ ಬೇಯಿಸಿ, ಅದನ್ನೂ ಚೆಲ್ಲಿ, ಉಳಿದದ್ದಕ್ಕೆ ಒಗ್ಗರಣೆ ಹಾಕುತ್ತಿದ್ದಳು. ತರಕಾರಿಯ ಜೀವವನ್ನು ಚರಂಡಿಗೆ ಬಿಟ್ಟು ಅದರ ಹೆಣವನ್ನು ನನಗೆ ಬಡಿಸುತ್ತೀಯ ಎಂದು ನಾನು ಒಮ್ಮೆ ಅಂದೆ. "ಹೆಣ ತಟ್ಟೇಲಿರ್ಲಿ ಬಿಡಿ, ತಟ್ಟೆ ಮುಂದೆ ಕೂರೋದು ಬೇಡ" ಎಂದಳು. ಆಮೇಲೆ ಕೆಲವು ದಿನ ನಾನು ಊಟಕ್ಕೆ ಹೆಸರಿಡಲಿಲ್ಲ. ಆದರೆ ಊಟಕ್ಕಿಂತ ನನ್ನನ್ನು ಕೊಂದದ್ದು ಬಾಯಾರಿಕೆ. ನೀರು, ಕಾಫಿ, ಮಜ್ಜಿಗೆ, ಸಾರು ಎಲ್ಲಾ ಸೇರಿ ದಿನಕ್ಕೆ ಒಂದು ಸಣ್ಣ ಚೊಂಬಿನಷ್ಟು. ಅದು ಮುಗಿದರೆ ಮಾರನೆಯ ಬೆಳಿಗ್ಗೆಯೇ. ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟಿಕೊಂಡಾಗ ಪಕ್ಕದ ಮನೆಯ ಹಸು ಕಲ್ಲಿನ ಬಾನಿಗೆ ಮೂತಿಯಿಟ್ಟು ನೀರು ಎಳೆಯುವುದನ್ನು ನಾನು ಕಾಂಪೌಂಡಿನ ಮೇಲಿಂದ ನೋಡುತ್ತ ನಿಂತಿರುತ್ತಿದ್ದೆ. ಒಂದು ದಿನ ಅದು ತಲೆಯೆತ್ತಿ ನನ್ನನ್ನು ನೋಡಿತು. ಯಾರೋ ನನ್ನ ಮನಸ್ಸನ್ನು ಓದಿದ ಹಾಗಾಗಿ ನಾಚಿಕೊಂಡು ಒಳಗೆ ಬಂದೆ.

ಇಂಥ ಹೊತ್ತಿನಲ್ಲಿ ನಮ್ಮ ಮಗಳು ಸುಧಾಳಿಗೆ ಭದ್ರಾವತಿಯಿಂದ ಒಂದು ಸಂಬಂಧ ಬಂತು. ಹುಡುಗ ಪ್ರಕಾಶ, ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುತ್ತಿದ್ದ. ತಂದೆ ಬಸವರಾಜಪ್ಪನವರು ಕಾರ್ಖಾನೆಯಿಂದ ನಿವೃತ್ತರಾಗಿ ಊರಲ್ಲೇ ಸ್ವಂತ ಮನೆ ಕಟ್ಟಿಸಿಕೊಂಡಿದ್ದರು. ಹುಡುಗ ಬಂದು ಹುಡುಗಿಯನ್ನು ನೋಡಿದ, ಹುಡುಗಿಯೂ ಹುಡುಗನನ್ನು ನೋಡಿದಳು, ಇಬ್ಬರಿಗೂ ಒಪ್ಪಿಗೆಯಾಯಿತು. ಆ ದಿನ ನಾನು ತುಂಬುತೋಳಿನ ಅಂಗಿ ಹಾಕಿಕೊಂಡು ಕೂತಿದ್ದೆ. ಡಯಾಲಿಸಿಸ್ಸಿಗೆಂದು ನನ್ನ ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದರು, ಅದು ಹಗ್ಗದ ಹಾಗೆ ಉಬ್ಬಿಕೊಂಡು ಕಾಣುತ್ತಿತ್ತು. ಮುಂದಿನ ಭಾನುವಾರ ನಾವು ಭದ್ರಾವತಿಗೆ ಅವರ ಮನೆ ನೋಡಲು ಹೋಗುವುದೆಂದಾಯಿತು.

"ಅವರಿಗೆ ಹೇಳಿಬಿಡೋಣ ಕಣ್ರೀ" ಎಂದಳು ಗಿರಿಜೆ.

"ಏನು ಹೇಳೋದು? ಅಪ್ಪನಿಗೆ ಇರೋದು ಮಗಳಿಗೂ ಬರುತ್ತಾ ಅಂತ ಕೇಳ್ತಾರೆ. ಮದುವೆ ಆಗ್ಲಿ, ಆಮೇಲೆ ನೋಡೋಣ. ಯಾರೂ ಬಾಯಿ ಬಿಡಕೂಡದು, ತಿಳೀತಾ?"

"ಆಯ್ತು" ಎಂದಳು. ಮದುವೆಯಾದಂದಿನಿಂದ ನನ್ನ ಒಂದು ಮಾತಿಗೂ ಅವಳು ಇಷ್ಟು ಬೇಗ "ಆಯ್ತು" ಅಂದವಳಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಮನೆಯ ಯಜಮಾನನ ಮಾತಿಗೆ ಕೊನೆಗೂ ಬೆಲೆ ಬಂತು ಎಂದುಕೊಂಡೆ.

ಹಿರಿಯರನ್ನೂ ಕರೆದುಕೊಂಡು ಬನ್ನಿ ಎಂದು ಅವರು ಹೇಳಿದ್ದರೂ ನಾವಿಬ್ಬರೇ ಹೊರಟೆವು. ಜನ ಹೆಚ್ಚಾದರೆ ಯಾರಾದರೂ ಅನುಕಂಪದ ಭರದಲ್ಲಿ ಗುಟ್ಟು ಬಿಟ್ಟುಕೊಟ್ಟಾರು ಎನ್ನುವ ಭಯ ನನಗೆ. ಬಸ್ಸಿನಲ್ಲಿ ಭದ್ರಾವತಿ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಬಸವರಾಜಪ್ಪನವರು, ಅವರ ಹೆಂಡತಿ ಪಾರ್ವತಮ್ಮ, ಪ್ರಕಾಶ ಮೂವರೂ ಬಾಗಿಲಲ್ಲೇ ನಿಂತಿದ್ದರು. ಪ್ರಕಾಶನ ದೊಡ್ಡಪ್ಪ ಆಯನೂರಿನಿಂದ ಬಂದಿದ್ದರು. ಎತ್ತರದ ಆಳು, ದೊಡ್ಡ ದನಿ. ನಮಸ್ಕಾರ ಮಾಡಿದ್ದು ಪಕ್ಕದ ಬೀದಿಗೂ ಕೇಳಿಸಿತು. ಅಂಗಳದಲ್ಲಿ ಎರಡು ಗಿಡ್ಡ ತೆಂಗಿನ ಮರ, ಕೈಗೆಟುಕುವ ಹಾಗೆ ಗೊನೆ. ಅದನ್ನು ನೋಡಬಾರದೆಂದುಕೊಂಡೇ ನೋಡಿದೆ.

ಕೂತ ಕೂಡಲೇ ಪಾರ್ವತಮ್ಮ ನೀರು ತಂದರು. ದೊಡ್ಡಪ್ಪನಿಗೆ ತುಂಬಿದ ದೊಡ್ಡ ಲೋಟ, ನನಗೆ ಮಾತ್ರ ಮಕ್ಕಳ ಔಷಧಿ ಲೋಟಕ್ಕಿಂತ ಸ್ವಲ್ಪ ದೊಡ್ಡದು. ಅದೂ ಮುಕ್ಕಾಲು. ಒಂದೇ ಗುಟುಕಿಗೆ ಮುಗಿಯಿತು. ಇನ್ನೊಂದು ಕೇಳಬಹುದೇನೋ ಎಂದು ಲೋಟ ಹಿಡಿದೇ ಕೂತಿದ್ದೆ, ಆಯಮ್ಮ ಮೆತ್ತಗೆ ಅದನ್ನು ಕೈಯಿಂದ ಬಿಡಿಸಿಕೊಂಡು ಒಳಗೆ ಹೋದರು. ಊಟಕ್ಕೆ ಕೂತಾಗಲೂ ಅದೇ ಕಥೆ. ಬೀಗರಾಗುವವರು ಮೊದಲ ಸಲ ಮನೆಗೆ ಬಂದಿದ್ದಾರೆ, ಎಲೆಯಲ್ಲಿ ಬಾಳೆಹಣ್ಣಿಲ್ಲ. ಪಲ್ಯಕ್ಕೆ ಉಪ್ಪಿಲ್ಲ. ಕೋಸಂಬರಿ ಇಲ್ಲ. ಸಾರನ್ನು ಅನ್ನದ ಮೇಲೆ ಚಿಮುಕಿಸಿದ ಹಾಗೆ ಹಾಕಿದರು. ಹಪ್ಪಳ ದೊಡ್ಡಪ್ಪನ ಎಲೆಗೆ ಬಿತ್ತು, ನನ್ನ ಎಲೆಯನ್ನು ಹಾರಿ ಬಸವರಾಜಪ್ಪನವರ ಎಲೆಗೆ ಹೋಯಿತು. ನಾನು ಕೆಂಪಾದೆ. ಅಂಗಡಿಯಲ್ಲಿ ಒಂದು ಕರವಸ್ತ್ರ ಕೊಳ್ಳಲು ಬಂದವನಿಗೂ ಕಾಫಿ ತರಿಸಿ ಕೊಡುತ್ತಿದ್ದವನು ನಾನು. ಕೈ ತೊಳೆಯಲು ಎದ್ದಾಗ ಗಿರಿಜೆಯ ಕಿವಿಯಲ್ಲಿ ಪಿಸುಗುಟ್ಟಿದೆ: "ಎಂಥಾ ಜಿಪುಣರು ಮಾರಾಯ್ತಿ! ನೀರಿಗೂ ಲೆಕ್ಕ! ನಮ್ಮ ಹುಡುಗಿ ಇಲ್ಲಿ ಬದುಕ್ತಾಳಾ?"

ಅವಳು ನನ್ನನ್ನು ಒಂದು ಥರ ನೋಡಿದಳು. "ಸುಮ್ಮನಿರಿ. ಊಟ ಚೆನ್ನಾಗಿದೆ" ಎಂದು ಹೆಂಗಸರ ಜೊತೆ ಒಳಕೋಣೆಗೆ ಹೋದಳು.

ನಾವು ಗಂಡಸರು ಜಗಲಿಯಲ್ಲಿ ಕೂತೆವು. ಗುರುವಾರ ತೊಳೆದ ರಕ್ತ, ಭಾನುವಾರದ ಮಧ್ಯಾಹ್ನ, ಬೇಸಗೆ. ನನ್ನ ಬಾಯಲ್ಲಿ ಉಗುಳು ಕೂಡ ಇರಲಿಲ್ಲ. ಎದುರಿಗೆ ಆ ಎರಡು ಮರ. ಈಗ ಯೋಚಿಸಿದರೆ, ಆಗ ನನ್ನ ಬಾಯಲ್ಲಿ ಮಾತಾಡಿದ್ದು ಯಾರು ಎಂದು ನನಗೆ ಚೆನ್ನಾಗಿ ಗೊತ್ತಾಗುತ್ತದೆ. ಆವತ್ತು ಮಾತ್ರ, ಮಗಳ ಭವಿಷ್ಯಕ್ಕಾಗಿ ಈ ಮನೆಯವರ ಕೈ ಎಷ್ಟು ಧಾರಾಳ ಎಂದು ಪರೀಕ್ಷೆ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ.

"ಎಳನೀರು ಚೆನ್ನಾಗಿ ಬಿಟ್ಟಿದೆಯಲ್ಲ ಬಸವರಾಜಪ್ಪನೋರೆ" ಎಂದೆ.

ಬಸವರಾಜಪ್ಪನವರು ಬೆಚ್ಚಿಬಿದ್ದ ಹಾಗೆ ಕಂಡಿತು. "ಅದಾ... ಅದು ಬಲಿತುಬಿಟ್ಟಿದೆ. ನೀರಿರಲ್ಲ."

"ಏ, ಎಲ್ಲಿ ಬಲಿತಿದೆಯೋ!" ಎಂದರು ದೊಡ್ಡಪ್ಪ. "ಬೆಳಿಗ್ಗೆ ನಾನೇ ಒಂದು ಕುಡಿದೆ. ಸಕ್ಕರೆ ಇದ್ದ ಹಾಗಿದೆ."

"ಮೈಗೆ ತಂಪು ಜಾಸ್ತಿ ಆಗುತ್ತೆ ಅಣ್ಣ, ಅವರು ಬಸ್ಸಲ್ಲಿ ಹೋಗ್ಬೇಕು..."

"ಈ ಬಿಸಿಲಲ್ಲಿ ತಂಪು ಜಾಸ್ತಿ ಆಗುತ್ತಾ? ನೀನೊಬ್ಬ ಮಾರಾಯ! ಬೀಗರು ಬಾಯಿಬಿಟ್ಟು ಕೇಳ್ತಿದ್ದಾರೆ."

ಬಸವರಾಜಪ್ಪನವರು ನನ್ನ ಮುಖ ನೋಡಿದರು, ಅಣ್ಣನ ಮುಖ ನೋಡಿದರು, ಒಳಬಾಗಿಲ ಕಡೆ ನೋಡಿದರು. ಹಣೆಯಲ್ಲಿ ಬೆವರು. "ನಿಮಗೆ... ಆಗುತ್ತಾ?" ಎಂದು ನನ್ನನ್ನು ಕೇಳಿದರು. ಎಂಥ ಪ್ರಶ್ನೆ ಅದು! ಒಂದೇ ಒಂದು "ಇಲ್ಲ" ಅಂದಿದ್ದರೆ ಮುಗಿಯುತ್ತಿತ್ತು. ನಾನು ಎದೆಯುಬ್ಬಿಸಿ, "ನನಗೆ ಆಗದೇ ಇರೋದು ಅಂತ ಯಾವುದೂ ಇಲ್ಲ, ದೇವರ ದಯೆ" ಎಂದೆ. ಅಷ್ಟರಲ್ಲಿ ದೊಡ್ಡಪ್ಪ ಪಂಚೆ ಎತ್ತಿಕಟ್ಟಿ, ಕತ್ತಿ ಹಿಡಿದು ಅಂಗಳಕ್ಕೆ ಇಳಿದಾಗಿತ್ತು.

ಮೊದಲನೆಯದನ್ನು ಕುಡಿದೆ. ಆ ಸುಖವನ್ನು ಬರೆಯಲು ನನಗೆ ಬಾರದು. ಗಂಟಲಲ್ಲಿ ಅದು ಇಳಿಯುವಾಗ ಕಣ್ಣಲ್ಲಿ ನೀರು ಬಂತು. ದೊಡ್ಡಪ್ಪ ಇನ್ನೊಂದನ್ನು ಕೊಚ್ಚಿ ಮುಂದೆ ಹಿಡಿದರು, ಅದನ್ನೂ ಕುಡಿದೆ. ಬುರುಡೆ ಸೀಳಿ, ಒಳಗಿನ ಗಂಜಿ ಬೇಕಾ ಎಂದರು, ತಿಂದೆ. ಬಸವರಾಜಪ್ಪನವರು "ಸಾಕು ಅಣ್ಣ, ಸಾಕು" ಎನ್ನುತ್ತ, ಮೂರನೆಯದಕ್ಕೆ ಕೈ ಹಾಕಿದ ಅಣ್ಣನಿಗೂ ಮರಕ್ಕೂ ನಡುವೆ ಹೋಗಿ ನಿಂತರು. ಎರಡು ಎಳನೀರಿಗೆ ಇಷ್ಟು ಸಂಕಟಪಡುವ ಮನುಷ್ಯನನ್ನು ನಾನು ನೋಡಿರಲಿಲ್ಲ. ಆ ಹೊತ್ತಿಗೆ ಹೊರಗೆ ಬಂದ ಗಿರಿಜೆ, ನನ್ನ ಕಾಲ ಬಳಿ ಬಿದ್ದಿದ್ದ ಬುರುಡೆಗಳನ್ನು ಕಂಡು ಅಲ್ಲೇ ಬಾಗಿಲು ಹಿಡಿದು ನಿಂತಳು. ಅವಳ ಹಿಂದೆ ಪಾರ್ವತಮ್ಮ "ಅಯ್ಯೋ ಶಿವನೇ" ಎಂದರು. ಇವರೂ ಗಂಡನ ಹಾಗೇ ಜಿಪುಣರು ಎಂದುಕೊಂಡೆ.

"ಹೊರಡೋಣ" ಎಂದಳು ಗಿರಿಜೆ.

ಬಸ್ ಸ್ಟ್ಯಾಂಡಿಗೆ ಬರುವ ಹೊತ್ತಿಗೆ ತುಟಿಯ ಸುತ್ತ ಇರುವೆ ಹರಿದ ಹಾಗೆ ಜುಮುಗುಟ್ಟಲು ಶುರುವಾಯಿತು. ಪ್ರಕಾಶ ಬಸ್ಸು ಹತ್ತಿಸಲು ಜೊತೆಗೆ ಬಂದಿದ್ದ. ಕಂಡಕ್ಟರ್ "ಶಿಮೊಗ್ಗ ಶಿಮೊಗ್ಗ" ಎಂದು ಕೂಗುತ್ತಿದ್ದ. ಮೆಟ್ಟಿಲಿಗೆ ಕಾಲಿಡಲು ಹೋದೆ, ಕಾಲು ಏಳಲಿಲ್ಲ. ಅದು ನನ್ನದೇ ಕಾಲು, ಕಾಣುತ್ತಿದೆ, ಆದರೆ ನನ್ನ ಮಾತು ಕೇಳುತ್ತಿಲ್ಲ. ಕೈಯಿಂದ ಪ್ಯಾಂಟು ಹಿಡಿದು ಎತ್ತಿಡಲು ನೋಡಿದೆ. ಹಿಂದಿನವರು "ಹತ್ತಿ ಯಜಮಾನ್ರೇ, ಬೇಗ" ಎಂದು ಗೊಣಗಿದರು. ಆಮೇಲೆ ಮಂಡಿ ಕುಸಿಯಿತು. ಅಷ್ಟು ಜನರ ಮುಂದೆ, ಅಳಿಯನಾಗಬೇಕಾದವನ ಮುಂದೆ, ನಾನು ಬಸ್ಸಿನ ಮೆಟ್ಟಿಲನ್ನು ತಬ್ಬಿಕೊಂಡು ಕೂತುಬಿಟ್ಟೆ.

ಪ್ರಕಾಶ ಎಲ್ಲಿಗೋ ಓಡಿದ, ಒಂದು ಬಾಡಿಗೆ ಅಂಬಾಸಿಡರ್ ಕಾರಿನ ಜೊತೆ ವಾಪಸು ಬಂದ. ನನ್ನನ್ನು ಹಿಂದಿನ ಸೀಟಿಗೆ ಎತ್ತಿ ಹಾಕಿ, ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಎದೆಯಲ್ಲಿ ಹೃದಯ ಒಂದು ಹೆಜ್ಜೆ ಇಟ್ಟು, ಯೋಚಿಸಿ, ಇನ್ನೊಂದು ಹೆಜ್ಜೆ ಇಡುತ್ತಿತ್ತು. ಮುಂದಿನ ಸೀಟಿನಲ್ಲಿ ಗಿರಿಜೆ ಕೈ ಜೋಡಿಸಿಕೊಂಡು ಕೂತಿದ್ದಳು. ಇಲ್ಲಿಗೆ ಮುಗಿಯಿತು ಎನಿಸಿತು. ಸಾಯುವ ಮೊದಲು ಸತ್ಯ ಹೇಳಿಬಿಡಬೇಕು ಎಂದು ಇದ್ದ ಧೈರ್ಯವನ್ನೆಲ್ಲ ಒಟ್ಟು ಮಾಡಿದೆ.

"ನೋಡಪ್ಪಾ, ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ನನಗೆ ಕಿಡ್ನಿ..."

"ಗೊತ್ತು ಮಾವ. ಮಾತಾಡಬೇಡಿ, ಸುಸ್ತಾಗುತ್ತೆ" ಎಂದ.

ಹುಡುಗ ನನ್ನನ್ನು ಮೊದಲ ಸಲ "ಮಾವ" ಎಂದದ್ದು ಹಾಗೆ. ಅದನ್ನು ಕೇಳಿ ಸಂತೋಷಪಡಬೇಕೋ, "ಗೊತ್ತು" ಎಂದದ್ದಕ್ಕೆ ಸಾಯಬೇಕೋ ತಿಳಿಯದೆ ಕಣ್ಣು ಮುಚ್ಚಿಕೊಂಡೆ.

ಆಸ್ಪತ್ರೆಯಲ್ಲಿ ಎದೆಗೆ ತಂತಿಗಳನ್ನು ಅಂಟಿಸಿದರು, ಏನೇನೋ ಇಂಜೆಕ್ಷನ್ ಚುಚ್ಚಿದರು, ಭಾನುವಾರವೆಂದೂ ನೋಡದೆ ಯಂತ್ರಕ್ಕೆ ಹಚ್ಚಿದರು. ಡಾಕ್ಟರು ಮನೆಯಲ್ಲಿ ಊಟ ಬಿಟ್ಟು ಬಂದಿದ್ದರು. "ಏನು ತಿಂದ್ರಿ?" ಎಂದರು. ನಾನು ಸೂರು ನೋಡಿದೆ. ಗಿರಿಜೆ ಹೇಳಿದಳು. "ಎರಡಾ?" ಎಂದರು ಡಾಕ್ಟರು. "ಗಂಜಿ ಸಮೇತ" ಎಂದಳು ಅವಳು. ಪಕ್ಕದ ಮಂಚದವರೂ ತಲೆಯೆತ್ತಿ ನನ್ನನ್ನು ನೋಡಿದರು. ಇನ್ನೊಂದು ಗಂಟೆ ತಡವಾಗಿದ್ದರೆ ಎಂದು ಶುರುಮಾಡಿದ ಡಾಕ್ಟರು, ಗಿರಿಜೆಯ ಮುಖ ನೋಡಿ ವಾಕ್ಯವನ್ನು ಅಲ್ಲೇ ನಿಲ್ಲಿಸಿದರು.

ಮಾರನೆಯ ದಿನ ನನಗೆ ಪೂರ್ತಿ ತಿಳಿವಳಿಕೆ ಬಂತು. ಬರದಿದ್ದರೇ ಚೆನ್ನಾಗಿತ್ತು. ಬಸವರಾಜಪ್ಪನವರೂ ಪಾರ್ವತಮ್ಮನವರೂ ಬೆಳಗಿನ ಬಸ್ಸಿಗೇ ಬಂದಿದ್ದರು. ಆಯಮ್ಮ ಮಂಚದ ಪಕ್ಕ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು. "ನಂದೇ ತಪ್ಪು ಅಣ್ಣಾರೆ. ನೀವು ನಮ್ಮನೆಗೆ ಬರೋಕ್ಕಿಂತ ಮುಂಚೇನೇ ಗಿರಿಜಕ್ಕ ಫೋನ್ ಮಾಡಿ ಎಲ್ಲಾ ಹೇಳಿದ್ರು. ಏನು ಮಾಡಬಹುದು, ಏನು ಮಾಡಬಾರ್ದು ಅಂತ ಕೇಳ್ಕೊಂಡು, ತರಕಾರಿ ನೆನೆಸಿ, ಎರಡು ಸಲ ನೀರು ಚೆಲ್ಲಿ ಮಾಡಿದ್ದೆ. ಉಪ್ಪೂ ಹಾಕಿರ್ಲಿಲ್ಲ. ನಿಮಗೊಬ್ಬರಿಗೇ ಬೇರೆ ಅಂದ್ರೆ ನೊಂದ್ಕೋತೀರಿ ಅಂತ ಮನೆಯವರಿಗೆಲ್ಲಾ ಅದನ್ನೇ ಬಡಿಸಿದೆ. ಬಾಳೆಹಣ್ಣು ಕಣ್ಣಿಗೆ ಬಿದ್ರೆ ಆಸೆ ಆಗುತ್ತೆ ಅಂತ ದೇವರ ಕೋಣೇಲಿ ಮುಚ್ಚಿಟ್ಟಿದ್ದೆ. ಆ ದೊಡ್ಡಭಾವನಿಗೆ ಒಬ್ಬರಿಗೆ ಹೇಳಿರ್ಲಿಲ್ಲ ನೋಡಿ. ಅವರ ಬಾಯಲ್ಲಿ ಗುಟ್ಟು ನಿಲ್ಲಲ್ಲ ಅಂತ..."

ಬಸವರಾಜಪ್ಪನವರು ಕೈ ಹಿಸುಕಿಕೊಂಡರು. "ನಾನು ತಡೀಬೇಕಿತ್ತು ಬೀಗರೆ. ಆದರೆ ನಮಗೆ ತಿಳಿದಿದೆ ಅನ್ನೋದು ನಿಮಗೆ ಗೊತ್ತಾಗಬಾರ್ದು ಅಂತ ಅಕ್ಕಾವ್ರು ಹೇಳಿದ್ರು. ನಿಮ್ಮ ಮರ್ಯಾದೆ ಕಳೀಬಾರ್ದು ಅಂತ ಸುಮ್ಮನೆ ನಿಂತೆ. ಪ್ರಾಣ ಹೋಗೋದನ್ನ ನೋಡ್ತಾ ನಿಂತ ಹಾಗಾಯ್ತು."

ಒಂದು ಇಡೀ ಮನೆ ನನ್ನ ಮರ್ಯಾದೆ ಉಳಿಸಲು ಉಪ್ಪಿಲ್ಲದ ಪಲ್ಯ ಉಂಡಿತ್ತು. ನಾನು ಅದನ್ನೇ ಉಂಡು ಅವರನ್ನು ಜಿಪುಣರೆಂದಿದ್ದೆ. ಎಡಗೈಗೆ ಸೂಜಿ, ಬಲಗೈಗೆ ಬಿ.ಪಿ. ನೋಡುವ ಪಟ್ಟಿ. ಮುಖ ಮುಚ್ಚಿಕೊಳ್ಳಲು ಒಂದು ಕೈಯೂ ಖಾಲಿ ಇರಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದೆ. ಪಾರ್ವತಮ್ಮ, ಪಾಪ, ನೋವಿಗೆ ಹಾಗೆ ಮಾಡುತ್ತಿದ್ದೇನೆ ಎಂದುಕೊಂಡು ನರ್ಸನ್ನು ಕರೆಯಲು ಓಡಿದರು.

ಅವರು ಹೋದ ಮೇಲೆ ಗಿರಿಜೆಯನ್ನು ಕೇಳಿದೆ, "ನನ್ನ ಮಾತು ಮೀರಿ ಯಾಕೆ ಹೇಳಿದೆ?"

"ಹೇಳದೆ ಮದುವೆ ಮಾಡಿದ್ರೆ ನಾಳೆ ಅವಳು ಅಲ್ಲಿ 'ಅಪ್ಪನಿಗೆ ಹುಷಾರಿಲ್ಲ, ಹೋಗಿ ಬರ್ತೀನಿ' ಅಂತ ಬಾಯಿಬಿಟ್ಟು ಕೇಳೋಕೂ ಹೆದರಬೇಕಿತ್ತು. ಅದನ್ನ ಯೋಚನೆ ಮಾಡಿದ್ರಾ ನೀವು?"

ಮಾಡಿರಲಿಲ್ಲ. ಸಂಬಂಧ ತಪ್ಪುತ್ತದೆ ಎಂದು ಹೆದರಿದ್ದೇನೆ ಅಂದುಕೊಂಡಿದ್ದೆ. ನಿಜವಾಗಿ ಹೆದರಿದ್ದು, ನಾಲ್ಕು ಜನರ ಮುಂದೆ ನಾನು ರೋಗಿ ಎನಿಸಿಕೊಳ್ಳುವುದಕ್ಕೆ. ಇನ್ನೂ ನಿಜವಾದ ಮಾತೆಂದರೆ, ಆ ಜಗಲಿಯಲ್ಲಿ ಮರ್ಯಾದೆಯೂ ಇರಲಿಲ್ಲ, ಮಗಳೂ ಇರಲಿಲ್ಲ. ಬರೀ ಬಾಯಾರಿಕೆ ಇತ್ತು, ಅದಕ್ಕೆ ನಾನು ಅಪ್ಪನ ಕರ್ತವ್ಯ ಎನ್ನುವ ಶಾಲು ಹೊದಿಸಿದ್ದೆ. ಇದನ್ನು ಗಿರಿಜೆಗೆ ಹೇಳಿದೆ. "ಅಷ್ಟು ಗೊತ್ತಾಯ್ತಲ್ಲ, ಮಲಗಿ" ಎಂದಳು. ಆದರೆ ಜಿಪುಣರು ಎಂದ ಮಾತನ್ನು ಅವಳು ಮರೆಯಲಿಲ್ಲ. ನಾನು ಊಟಕ್ಕೆ ಕೊಂಕು ತೆಗೆದರೆ ಸಾಕು, "ಪಾರ್ವತಕ್ಕಂಗೆ ಒಂದು ಫೋನ್ ಮಾಡಿ ಮಾತಾಡ್ಬೇಕಿತ್ತು" ಎನ್ನುತ್ತಾಳೆ. ನಾನು ಬಾಯಿ ಮುಚ್ಚಿಕೊಂಡು ಉಣ್ಣುತ್ತೇನೆ.

ಮದುವೆ ಗೊತ್ತಾದ ಮುಹೂರ್ತಕ್ಕೇ, ಶಿವಮೊಗ್ಗದಲ್ಲೇ ನಡೆಯಿತು. ಇನ್ನು ಮುಚ್ಚಿಡುವುದು ಬೇಡ, ಕೇಳಿದವರಿಗೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬೇಕು ಎಂದು ನಿರ್ಧಾರ ಮಾಡಿದ್ದೆ. ಅರ್ಧತೋಳಿನ ಅಂಗಿಯನ್ನೇ ಹಾಕಿಕೊಂಡೆ. ಊಟದ ಪಂಕ್ತಿಯಲ್ಲಿ ಗಂಡಿನ ಕಡೆಯ ಒಬ್ಬ ವೃದ್ಧರು ಪಕ್ಕದಲ್ಲಿ ಕೂತರು. ನನ್ನ ಕೈ ನೋಡಿ, "ಇದೇನು ಸ್ವಾಮಿ ಹಿಂಗಾಗಿದೆ?" ಎಂದು ವಿಶ್ವಾಸದಿಂದ ಕೇಳಿದರು. ನಾನು ಹೇಳಿದೆ. ಕಿಡ್ನಿ ಎಂದರೆ ಏನು, ಅದರ ಕೆಲಸವೇನು, ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಅವರ ಎಲೆಯಲ್ಲಿದ್ದ ಆಲೂಗಡ್ಡೆ ಪಲ್ಯದಲ್ಲಿ ಏನೇನಿದೆ, ಅದನ್ನು ತೆಗೆಯುವುದು ಹೇಗೆ, ಎಲ್ಲವನ್ನೂ. ಅವರು ಮೊದಲು ಪಲ್ಯವನ್ನು ಪಕ್ಕಕ್ಕೆ ಸರಿಸಿದರು, ಆಮೇಲೆ ಕೋಸಂಬರಿಯನ್ನು, ಆಮೇಲೆ ಸಾರು ಕಲಸಿದ ಕೈ ಹಾಗೇ ನಿಂತಿತು. ಅವರ ಆಚೆ ಕೂತಿದ್ದವರು ಎದ್ದು ಬೇರೆ ಪಂಕ್ತಿಗೆ ಹೋದರು. ಎದುರು ಸಾಲಿನಿಂದ ಗಿರಿಜೆ ಕಣ್ಣಲ್ಲೇ "ಸಾಕು" ಎಂದಳು. ನಾಚಿಕೆಯಿಂದ ಅವಳ ಮುಖ ಕೆಂಪಾಗಿತ್ತು. ನನಗೂ ನಾಚಿಕೆಯಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಏನು ಮಾಡಲಿ, ಆಗಿನ್ನೂ ಪೊಟ್ಯಾಷಿಯಂ ಮುಗಿದು ರಂಜಕಕ್ಕೆ ಬಂದಿದ್ದೆ.